ಒಂದು ಕುಟುಕು, ಸುತ್ತ ಒಂದು ನೋಟ

ಲೋಕದ ಮೊಟ್ಟಮೊದಲ ಹಿತ್ತಲು ಮಾಡಿದವನು ನಾನು. ಸುಳ್ಳು ಅನ್ನುವವರಿದ್ದರೆ ಈಗಲೇ ಅನ್ನಲಿ. ಆವತ್ತು ಅದನ್ನು ನೋಡಿದವರು ಒಂದು ಹೊಳೆ, ಒಂದು ಗಾಳಿ. ನನ್ನ ಹೆಂಡತಿ ದೊಡ್ಡತಾಯಿಯೂ ನೋಡಿದ್ದಳು. ಆದರೆ ಅವಳು ತವರಿಗೆ ಹೋಗಿದ್ದಾಳೆ, ಸೋಮವಾರದವರೆಗೆ ಬರುವುದಿಲ್ಲ.

ಮೊಮ್ಮಗಳು ಚೆಲುವಿ ಬೆಳಗಿನಿಂದ ಹಿತ್ತಲಲ್ಲಿ ಪರಂಗಿ ಹೋಳು ಇಟ್ಟು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, "ಬಾ ಪಿಕಳಾರ, ತಿನ್ನು ಪಿಕಳಾರ" ಅಂತ ಕರೆಯುತ್ತಿದ್ದಳು. ಬೇಲಿಯ ಮೇಲೆ ಕೂತ ಪಿಕಳಾರ ಹಕ್ಕಿ ಜುಟ್ಟು ಆಡಿಸಿತೇ ಹೊರತು ಕೆಳಗಿಳಿಯಲಿಲ್ಲ. ಇವಳ ಮೂತಿ ಅಳುವ ಹಾಗಾಯಿತು.

"ಬಾ ಇಲ್ಲಿ," ಅಂದೆ. "ಜಗಲಿ ಮೇಲೆ ಕೂತುಕೋ. ಹಿತ್ತಲಿಗೆ ಬೆನ್ನು ಮಾಡು. ಯಾಕೆ ಅಂತ ಹೇಳ್ತೀನಿ."

ಆಗ ಲೋಕ ಹೊಸದು. ಎಷ್ಟು ಹೊಸದೆಂದರೆ ಬೆಟ್ಟಗಳ ಹಸಿ ಇನ್ನೂ ಆರಿರಲಿಲ್ಲ, ಮುಟ್ಟಿದರೆ ಬೆರಳಚ್ಚು ಬೀಳುತ್ತಿತ್ತು. ಹಕ್ಕಿಗಳೆಲ್ಲ ಕಾಡಿನಲ್ಲಿ. ಮನೆಯ ಕಡೆ ಒಂದು ರೆಕ್ಕೆಯೂ ಸುಳಿಯುತ್ತಿರಲಿಲ್ಲ.

ನಾನು ದಿನಾ ಕೋಳಿ ಕೂಗಿದ ಕೂಡಲೇ ಎದ್ದು ಅವರೆ ಬಳ್ಳಿಗೆ ನೀರು ಹಾಕುತ್ತಿದ್ದೆ. ಬಳ್ಳಿ ಅಂದರೆ ಬಳ್ಳಿ! ಚಂದ್ರ ಅದನ್ನೇ ಹಿಡಿದುಕೊಂಡು ಮೇಲೆ ಹತ್ತುತ್ತಿದ್ದ. ಲೋಕದಲ್ಲಿದ್ದದ್ದು ಅದೊಂದೇ ಅವರೆ ಬಳ್ಳಿ. ಅದಕ್ಕೆ ಹುಳ ಬಿತ್ತು. ಒಂದೊಂದು ಹುಳ ನನ್ನ ತೋಳಿನಷ್ಟು ದಪ್ಪ. ನನ್ನ ತೋಳೂ ಆಗ ಹೀಗಿರಲಿಲ್ಲ.

"ಈ ಬಳ್ಳಿ ಹೋದರೆ ಬೀಜಕ್ಕೂ ಒಂದು ಕಾಳು ಉಳಿಯಲ್ಲ," ಅಂದಳು ನಿಮ್ಮಜ್ಜಿ. "ಹಿದುಕಿದ ಬೇಳೆ ಸಾರು ಅನ್ನೋದನ್ನ ಲೋಕ ಕಾಣೋದೇ ಇಲ್ಲ. ಏನಾದರೂ ಮಾಡಿ ಅಂದ್ರೆ!"

ಗಾಳಿಯನ್ನು ಕರೆದೆ. "ಗಾಳಿಯಣ್ಣ, ಈ ಹುಳ ಉದುರಿಸಿಕೊಡು."

"ನಾನು ಊದಿದರೆ ಹುಳ ಉಳಿಯುತ್ತೆ, ಬಳ್ಳಿ ಉದುರುತ್ತೆ," ಅಂದಿತು ಗಾಳಿ. "ಹಕ್ಕಿಗಳನ್ನು ಕರಿ."

"ಹಾಗಾದರೆ ನೀನೇ ಹೋಗಿ ನನ್ನ ಹೆಸರು ಹೇಳಿ ಕರೆದು ಬಾ."

ಕಾಡಿಗೆ ಕಾಡೇ ಎದ್ದು ಬಂತು. ನನ್ನ ಹೆಸರಿಗೆ ಆಗ ಅಷ್ಟು ಬೆಲೆ.

ಮನೆಗೆ ಬಂದವರನ್ನು ಬರಿ ಹೊಟ್ಟೆಯಲ್ಲಿ ಕೆಲಸಕ್ಕೆ ಹಚ್ಚುವ ವಂಶವೇ ನಮ್ಮದು? ಒಂದು ತರಗೆಲೆಯೂ ಇಲ್ಲದ ಹಾಗೆ ಅಂಗಳ ಗುಡಿಸಿದೆ. ಬಾಳೆ ಎಲೆ ಹಾಕಿ ಸಾಲಾಗಿ ಕೂರಿಸಿದೆ. ರಸಾಯನದ ಕೊಳದಪ್ಪಲೆ ತಂದು, ಸೌಟು ಹಿಡಿದು ನಿಂತೆ.

ಪಿಕಳಾರ ಒಂದು ಕುಟುಕು ತಿಂದಿತು.

"ಅಯ್ಯೋ, ಏನೂ ತಿನ್ನಲೇ ಇಲ್ಲ! ನಾಚಿಕೆ ಪಡಬೇಡ, ಇನ್ನೊಂದು ಸೌಟು!"

"ಸಾಕು ಯಜಮಾನರೇ, ಸಾಕು," ಅಂತ ಅದು ಎಲೆಗೆ ರೆಕ್ಕೆ ಅಡ್ಡ ಹಿಡಿಯಿತು. ರೆಕ್ಕೆಯ ಮೇಲೇ ಬಡಿಸಿದೆ.

ಗೊರವಂಕ ಮೆಲ್ಲಗೆ ಏಳಲು ನೋಡಿತು. ಹಿಡಿದು ಕೂರಿಸಿದೆ. "ನನ್ನಾಣೆ, ಇನ್ನೊಂದೇ ಒಂದು!"

ಗುಬ್ಬಿಯಂತೂ ತಿಂದು ತಿಂದು, ಹಾರಲಾರದೆ, ಕುಪ್ಪಳಿಸಿಕೊಂಡೇ ಕಾಡು ಸೇರಿತು. ಹುಳ ತಿನ್ನಲು ಯಾರ ಹೊಟ್ಟೆಯಲ್ಲೂ ಜಾಗವಿರಲಿಲ್ಲ.

ಮರುದಿನ ಗಾಳಿ ಮತ್ತೆ ಹೋಗಿ ಕರೆಯಿತು. "ಆ ಮನುಷ್ಯ ನಿಂತಿದ್ದಾನಾ?" ಅಂತ ಕೇಳಿ, ಹಕ್ಕಿಗಳು ಒಂದೂ ಬರಲಿಲ್ಲ. ಇತ್ತ ಬಳ್ಳಿಯಲ್ಲಿ ಉಳಿದದ್ದು ಒಂದೇ ಕವಲು.

ಹೊಳೆಯ ದಡದಲ್ಲಿ ತಲೆ ಮೇಲೆ ಕೈ ಹೊತ್ತು ಕೂತೆ.

"ನನ್ನ ಹತ್ತಿರ ಬಾರದ ಹಕ್ಕಿ ಯಾವುದಿದೆ ಹೇಳು?" ಅಂದಿತು ಹೊಳೆ. "ನಾನು ಯಾರಿಗಾದರೂ ಕುಡಿ, ಕುಡಿ ಅಂದಿದ್ದೀನಾ? ನೀರು ಇಲ್ಲೇ ಇರುತ್ತೆ, ನಾನು ನನ್ನ ಪಾಡಿಗೆ ಹೋಗ್ತಿರ್ತೀನಿ."

ಬೆಟ್ಟ ಎತ್ತಿಡು ಅಂದಿದ್ದರೆ ಎತ್ತಿಡುತ್ತಿದ್ದೆ. ಸುಮ್ಮನಿರು ಅಂದುಬಿಟ್ಟಿತಲ್ಲ! ಆದರೂ ಸೌಟನ್ನು ಹೊಳೆಗೆ ಎಸೆದೆ. ತರಗೆಲೆ ಗುಡಿಸದೆ ಬಿಟ್ಟೆ. ಮಡಕೆ ಚೂರಿನಲ್ಲಿ ನೀರಿಟ್ಟು, ಜಗಲಿಗೆ ಬಂದು, ಹಿತ್ತಲಿಗೆ ಬೆನ್ನು ಮಾಡಿ ಕೂತೆ. ಮಾತು ಹೊರಡದ ಹಾಗೆ ನಿಮ್ಮಜ್ಜಿ ನನ್ನ ಬಾಯಿಗೆ ಎಲೆಅಡಿಕೆ ತುರುಕಿದಳು.

ಬೆನ್ನ ಹಿಂದೆ ಪಟಪಟ ಸದ್ದು. ಕುತ್ತಿಗೆ ತಾನಾಗಿ ತಿರುಗಲು ಹೊರಟಿತು, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಸಂಜೆಗೆ ನೋಡುತ್ತೇನೆ, ಬಳ್ಳಿಯಲ್ಲಿ ಒಂದು ಹುಳವಿಲ್ಲ! ಇವತ್ತು ಊರೂರಲ್ಲಿ ಬೇಯುವ ಅವರೆಯೆಲ್ಲ ಆ ಒಂದು ಕವಲಿನದೇ.

ಹುಳ ಹೋಯಿತು, ಆದರೆ ಹಕ್ಕಿಗಳ ಹೆದರಿಕೆ ಹೋಗಲಿಲ್ಲ. ಅದಕ್ಕೇ ನೋಡು, ಇವತ್ತಿಗೂ ಹಿತ್ತಲಿಗೆ ಬಂದ ಹಕ್ಕಿ ಒಂದು ಕುಟುಕು ತಿನ್ನುತ್ತೆ, ತಲೆ ಎತ್ತಿ ಸುತ್ತ ನೋಡುತ್ತೆ, ನಾನೆಲ್ಲಿ ಸೌಟು ಹಿಡಿದು ಬಂದೆನೋ ಅಂತ.

ಇಷ್ಟು ಹೇಳುವಾಗ ಚೆಲುವಿಯ ಬೆನ್ನ ಹಿಂದೆ ಪಟಪಟ ಅಂದಿತು. ಪಿಕಳಾರ ಪರಂಗಿ ಹೋಳಿನ ಮೇಲೆ ಕೂತಿತ್ತು. ಒಂದು ಕುಟುಕು, ಸುತ್ತ ಒಂದು ನೋಟ.

"ಬಂತು," ಅಂದೆ ಮೆಲ್ಲಗೆ.

ಚೆಲುವಿ ಎರಡೂ ಕೈಯಲ್ಲಿ ತನ್ನ ಕುತ್ತಿಗೆ ಹಿಡಿದುಕೊಂಡಳು. ಮುಖವೆಲ್ಲ ನಗು. ಸ್ವಲ್ಪ ಹೊತ್ತಾದ ಮೇಲೆ ಪಿಸುಗುಟ್ಟಿದಳು:

"ತಾತಾ, ಮನೆ ಕಡೆ ಒಂದು ಹಕ್ಕೀನೂ ಸುಳೀತಿರಲಿಲ್ಲ ಅಂದೆಯಲ್ಲ. ಮತ್ತೆ ದಿನಾ ನಿನ್ನ ಎಬ್ಬಿಸಿದ ಆ ಕೋಳಿ ಎಲ್ಲಿತ್ತು?"

ಹಕ್ಕಿ ಬೆದರದ ಹಾಗೆ ಮೆಲ್ಲಗೆ ಹೆಗಲು ಕುಣಿಸಿದೆ.

"ಅಷ್ಟು ಹೊತ್ತಿಗೆ ಇನ್ಯಾರು ಕೂಗಬೇಕಮ್ಮ? ನಾನೇ."