ಅರ್ಧ ಗೂಡುಗಳು ಮರದಲ್ಲೇಕೆ ತೂಗುತ್ತವೆ

ಹೊತ್ತು: ಸೂರ್ಯನು ಎರಡು ಮಾರು ಮೇಲೇರಿದ ಬೆಳಗು. ಹವೆ: ಒಣ ಬಿಸಿಲು, ಪಡುವಣ ಗಾಳಿ. ಹಾಜರಿದ್ದವರು: ಕೆರೆ, ಕೆರೆಯ ಮೇಲೆ ಬಾಗಿದ ಜಾಲಿಮರ, ಗಾಳಿ, ಗೀಜಗ ಹಕ್ಕಿ, ಅವನ ಹೆಂಡತಿ ಗೀಜಗಿತ್ತಿ. ಗಿಡುಗನನ್ನು ಯಾರೂ ಕರೆದಿರಲಿಲ್ಲ.

ಲೋಕ ಆಗಿನ್ನೂ ಹೊಸದು. ಭೂಮಿ ಒಂದೇ ಒಂದು ಮಳೆಗಾಲವನ್ನು ಕಂಡಿತ್ತು. ಎರಡನೆಯದು ದಾರಿಯಲ್ಲಿತ್ತು.

"ಇಂದಿನಿಂದ ಹನ್ನೆರಡನೆಯ ದಿನ ಮಳೆ. ನಾನೇ ಕರೆತರುತ್ತೇನೆ. ಹೇಳಲಿಲ್ಲವೆಂದು ಆಮೇಲೆ ಬೈಯಬೇಡಿ," ಎಂದಿತು ಗಾಳಿ.

ಗೀಜಗಿತ್ತಿ ಗಂಡನ ಕಡೆ ತಿರುಗಿದಳು. "ಕೇಳಿಸಿತೇ? ಅಷ್ಟರೊಳಗೆ ನಾನು ಮೊಟ್ಟೆ ಇಡಬೇಕು. ಗೂಡಿಲ್ಲದಿದ್ದರೆ ಮೊಟ್ಟೆ ಕೆರೆಯ ಪಾಲು."

"ಕಟ್ಟುತ್ತೇನೆ ಬಿಡು. ನೀನು ಹೋಗಿ ಹೊಟ್ಟೆ ತುಂಬ ತಿಂದು ಬಾ," ಎಂದ ಗೀಜಗ. ಅವಳು ಹುಲ್ಲುಬೀಜ ಹುಡುಕಿಕೊಂಡು ಕೆರೆಯಾಚೆ ಹೋದಳು.

ಗೀಜಗ ಹುಲ್ಲಿನ ಗರಿಯೊಂದನ್ನು ಕೊಕ್ಕಿನಿಂದ ಸೀಳಿದ. ಹಸಿ ಎಳೆ ಬಂತು. ಕೊಂಬೆಗೆ ಸುತ್ತಿದ, ಗಂಟು ಹಾಕಿದ. ಕೊಕ್ಕು ನೇಯುತ್ತಿತ್ತು, ಗಂಟಲು ಹಾಡುತ್ತಿತ್ತು, ಕಣ್ಣು ಆಕಾಶವನ್ನು ಕಾಯುತ್ತಿತ್ತು.

"ಭೇಷ್! ಒಟ್ಟಿಗೆ ಮೂರು ಕೆಲಸ!" ಎಂದಿತು ಜಾಲಿಮರ.

ಹೊಗಳಿಕೆ ಅವನ ತಲೆಗೇರಿತು. ಮೂರು ಕೆಲಸ ಒಟ್ಟಿಗೆ ಆಗುವುದಾದರೆ, ನಾಲ್ಕು ಗೂಡು ಒಟ್ಟಿಗೆ ಏಕಾಗಬಾರದು? ಒಂದು ಮೊಟ್ಟೆಗೆ. ಒಂದು ಮಧ್ಯಾಹ್ನದ ನಿದ್ದೆಗೆ. ಒಂದು ನೆಂಟರಿಗೆ. ನಾಲ್ಕನೆಯದು ಏತಕ್ಕೆಂದು ಅವನಿಗೂ ತಿಳಿದಿರಲಿಲ್ಲ, ಅದನ್ನೂ ಆರಂಭಿಸಿದ.

ಇಲ್ಲಿ ಅರ್ಧ ಗಂಟು, ಹಾರಿ ಹೋಗಿ ಅಲ್ಲಿ ಅರ್ಧ ಗಂಟು. ಮರಳಿ ಬರುವಷ್ಟರಲ್ಲಿ, ಬಿಟ್ಟುಹೋದ ಎಳೆ ಬಿಸಿಲಿಗೆ ಒಣಗಿರುತ್ತಿತ್ತು. ಹಸಿ ಎಳೆ ಹೇಳಿದಂತೆ ಬಾಗುತ್ತದೆ. ಒಣಗಿದ್ದು ಬಾಗುವುದಿಲ್ಲ, ಮುರಿಯುತ್ತದೆ.

"ಏನಪ್ಪಾ, ಊರನ್ನೇ ಕಟ್ಟುತ್ತಿದ್ದೀಯಾ?" ಎಂದು ಗಾಳಿ ಕೆಣಕಿತು.

"ಮಾತಾಡಲು ಪುರುಸೊತ್ತಿಲ್ಲ," ಎಂದ ಗೀಜಗ.

ಆರನೆಯ ದಿನ ಗೀಜಗಿತ್ತಿ ಬಂದಳು. ನಾಲ್ಕು ಗೂಡುಗಳನ್ನೂ ಸುತ್ತಿ ನೋಡಿದಳು. ಎಲ್ಲಕ್ಕೂ ಮಾಡು ಇತ್ತು. ಒಂದಕ್ಕೂ ತಳವಿರಲಿಲ್ಲ. ಒಂದು ಎಳೆಯನ್ನು ಹಿಡಿದೆಳೆದಳು. ಅದು ಲಟಕ್ಕೆಂದು ತುಂಡಾಯಿತು.

"ಮೊಟ್ಟೆ ಎಲ್ಲಿಡಲಿ? ನಿಮ್ಮ ಹಾಡಿನ ಮೇಲಿಡಲೇ?"

"ನಾಲ್ಕು ಅರ್ಧ ಸೇರಿದರೆ ಎರಡು ಪೂರ್ತಿ ಆಗುವುದಿಲ್ಲವೇ?"

"ಲೆಕ್ಕದಲ್ಲಿ ಆಗುತ್ತದೆ. ಕೊಂಬೆಯಲ್ಲಿ ಆಗುವುದಿಲ್ಲ."

ಗೀಜಗ ತಲೆ ತಗ್ಗಿಸಿದ. "ತಪ್ಪಾಯಿತು. ಇನ್ನು ಒಂದೇ ಗೂಡು. ಹಾಡುವುದೂ ಇಲ್ಲ, ಅತ್ತಿತ್ತ ನೋಡುವುದೂ ಇಲ್ಲ."

ಹಸಿ ಎಳೆ ತಂದು ಐದನೆಯ ಗೂಡನ್ನು ಆರಂಭಿಸಿದ. ಬಾಯಿ ಬಿಡಲಿಲ್ಲ, ತಲೆ ಎತ್ತಲಿಲ್ಲ. ಆದರೆ ಹಾಡಿನ ತಾಳವಿಲ್ಲದೆ ಕೊಕ್ಕು ತಡವರಿಸಿತು. ಒಂದು ಗಂಟು ಬಿಗಿಯಾದರೆ ಮುಂದಿನದು ಸಡಿಲ. ಅಷ್ಟರಲ್ಲಿ ಕೆರೆಯ ನೀರಿನ ಮೇಲೆ ಒಂದು ನೆರಳು ದೊಡ್ಡದಾಗುತ್ತ ಬಂತು.

"ಗಿಡುಗ! ಗಿಡುಗ! ಮುಳ್ಳಿನೊಳಗೆ ನುಗ್ಗು!" ಎಂದು ಕೆರೆ ಕೂಗಿತು.

ಗೀಜಗ ನುಗ್ಗಿದ. ಬಾಲದ ಒಂದು ಗರಿ ಮಾತ್ರ ಗಿಡುಗನಿಗೆ ಸಿಕ್ಕಿತು.

ಮುಳ್ಳಿನೊಳಗೆ ಕುಳಿತವನ ಬಳಿ ಗೀಜಗಿತ್ತಿ ಹಾರಿ ಬಂದಳು. "ಕಣ್ಣು ಮುಚ್ಚಿಕೊಂಡು ದುಡಿಯಿರಿ ಎಂದು ಯಾರು ಹೇಳಿದರು? ಹಾಡಬೇಡಿ ಎಂದು ಯಾರು ಹೇಳಿದರು?"

"ನೀನೇ ಬೈದೆಯಲ್ಲ!"

"ಬೈದದ್ದು ಗೂಡುಗಳಿಗೆ. ಹಾಡಿಗಲ್ಲ. ಏಳಿ, ಹೊತ್ತಾಯಿತು."

ಗೀಜಗ ಎದ್ದ. ಗಂಟಲು ಹಾಡಿತು, ಕಣ್ಣು ಕಾಯಿತು, ಕೊಕ್ಕು ಒಂದೇ ಗೂಡನ್ನು ನೇಯಿತು. ಎಳೆ ಒಣಗುವ ಮೊದಲೇ ಗಂಟು ಬಿತ್ತು. ಗಂಟು ಬಿದ್ದ ಮೇಲೆಯೇ ಮುಂದಿನ ಎಳೆ ಬಂತು. ತಳವಾಯಿತು. ಒಳಗೆ ಹಸಿಮಣ್ಣು ಮೆತ್ತಿದ್ದಾಯಿತು. ಕೆಳಗೆ ಇಳಿಬಿದ್ದ ಉದ್ದನೆಯ ಬಾಗಿಲೂ ಆಯಿತು. ಹನ್ನೆರಡನೆಯ ದಿನದ ಬೆಳಗಿಗೆ ಒಳಗೆ ಮೂರು ಬಿಳಿಯ ಮೊಟ್ಟೆಗಳಿದ್ದವು.

ಮಧ್ಯಾಹ್ನ ಮಳೆ ಬಂತು. ಗಾಳಿ ಗೂಡನ್ನು ಹಿಡಿದು ಚೆನ್ನಾಗಿ ಅಲುಗಿಸಿ ನೋಡಿತು. "ತೂಗುತ್ತದೆ, ಬೀಳುವುದಿಲ್ಲ," ಎಂದು ಒಪ್ಪಿಕೊಂಡಿತು. ಒಳಗೆ ಒಂದು ಹನಿಯೂ ಬೀಳಲಿಲ್ಲ. ಮೊಟ್ಟೆಗಳು ಬೆಚ್ಚಗಿದ್ದವು.

ಮಳೆ ನಿಂತಿತು. ಗೀಜಗ ಪಕ್ಕದ ನಾಲ್ಕು ಅರ್ಧ ಗೂಡುಗಳನ್ನು ನೋಡಿ ನಾಚಿದ. "ಕಂಡವರು ನಗುತ್ತಾರೆ. ಕಿತ್ತು ಕೆರೆಗೆ ಹಾಕಿಬಿಡಲೇ?" ಎಂದು ಕೇಳಿದ.

ಇಂದಿಗೂ ಗೀಜಗಗಳಿರುವ ಮರದಲ್ಲಿ, ಪೂರ್ತಿಯಾದ ಗೂಡಿನ ಪಕ್ಕದಲ್ಲಿ, ತಳವಿಲ್ಲದ ಅರ್ಧ ಗೂಡುಗಳು ಖಾಲಿ ತೂಗುತ್ತಿರುವುದನ್ನು ನೀವು ಕಾಣುತ್ತೀರಿ. ಅದಕ್ಕೆ ಕಾರಣ, ಅಂದು ಗೀಜಗಿತ್ತಿ ಬಾಗಿಲಿನಿಂದ ತಲೆ ಹೊರಹಾಕಿ ಕೆರೆ, ಮರ, ಗಾಳಿಗಳೆಲ್ಲ ಕೇಳುವಂತೆ ಹೇಳಿದ ತೀರ್ಪು:

"ಕೀಳಬೇಡಿ. ಅಲ್ಲೇ ತೂಗಲಿ. ಗಂಟಲು ಹಾಡಲಿ, ಕಣ್ಣು ಕಾಯಲಿ. ಕೊಕ್ಕಿಗೆ ಮಾತ್ರ ಒಂದು ಹೊತ್ತಿಗೆ ಒಂದೇ ಗೂಡು."