ನೇಕಾರರ ಬಯಲನ್ನು ಪಾಳೆಂದ ಮಂತ್ರಿ

"ಕೇಳ್ರಪ್ಪೋ ಕೇಳಿ! ಕೆಂಚನಕೋಟೆಯ ದೊರೆ ಬೊಮ್ಮರಸರ ಅಪ್ಪಣೆ! ಊರಲ್ಲಿ ಯಾವ ನೆಲದಲ್ಲಿ ಜನ ದುಡೀತಾರೆ, ಯಾವ ನೆಲ ಸುಮ್ಮನೆ ಬಿದ್ದಿದೆ ಅಂತ ಅರಮನೆ ಪರಿಶೀಲಿಸ್ತಾ ಇದೆ. ದುಡಿಮೆಯ ನೆಲ ದುಡಿಯೋರಿಗೆ, ಪಾಳು ನೆಲ ಅರಮನೆಗೆ! ನೆಲ ಬಲ್ಲವರು ಬಂದು ದೊರೆಯ ಮೂರು ಒಗಟು ಬಿಡಿಸಲಿ. ಬಿಡಿಸಿದವರಿಗೆ ನೆಲದ ಮುದ್ರೆ. ಯಾವ ನೆಲ ಯಾರಿಗೆ ಅನ್ನೋದು ಇನ್ನು ಅವರ ಮಾತು. ತಪ್ಪಿದರೆ ತಲೆದಂಡ!"

ಡಂಗುರದವನು ಹೀಗೆ ಕೂಗುತ್ತಾ ನೇಕಾರರ ಓಣಿಗೆ ಬಂದಾಗ ಸಂಕವ್ವ ಎದ್ದು ನಿಂತಳು. ಇಪ್ಪತ್ತರ ಹುಡುಗಿ. ಅವಳ ಅಪ್ಪ ಈರಭದ್ರಪ್ಪ ಸತ್ತು ಇನ್ನೂ ತಿಂಗಳಾಗಿರಲಿಲ್ಲ. ಓಣಿಯ ಹಿಂದಿನ ಬಯಲನ್ನು ಮಂತ್ರಿ ಮಲ್ಲರಸ 'ಪಾಳು' ಎಂದು ಪಟ್ಟಿಗೆ ಬರೆಸಿದಾಗ, "ಇದು ನಮ್ಮ ಅನ್ನದ ನೆಲ ಸ್ವಾಮಿ" ಎಂದು ಅಪ್ಪ ಕೈಮುಗಿದಿದ್ದ. ಅಷ್ಟಕ್ಕೇ ನಲವತ್ತು ಛಡಿಯೇಟು! ಮೂರನೆಯ ದಿನ ಜೀವ ಹೋಯಿತು. ಥೂ, ಅಂಥವನಿಗೆ ಮಂತ್ರಿ ಅಂತ ಹೆಸರು ಬೇರೆ!

"ಎಲ್ಲಿಗೆ ಹೊರಟೆಯವ್ವಾ?" ಓಣಿಯ ಹಿರಿಯ ಕರಿಬಸಪ್ಪ ಅಡ್ಡ ಬಂದ.

"ಅಪ್ಪನ ಸೇಡು ತೀರಿಸೋಕೆ, ಕಾಕಾ."

"ತಲೆ ಹೋಗ್ತದೆ ಮಗಳೇ!"

"ಹೋದರೆ ಹೋಗ್ಲಿ. ಇದ್ದು ಆ ಮಂತ್ರಿ ಮುಖ ನೋಡೋದಾದರೂ ತಪ್ಪುತ್ತೆ."

ಅರಮನೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಮುದ್ರೆಯ ಆಸೆಗೆ ಮೊದಲು ಬಂದವನು ಜವಳಿ ವ್ಯಾಪಾರಿ.

"ತೆಗೆದಷ್ಟೂ ದೊಡ್ಡದಾಗುವ ನೆಲ ಯಾವುದು?" ಎಂದು ದೊರೆ ಕೇಳಿದ.

"ಹೊಳೆ ದಂಡೆ ಮಹಾಸ್ವಾಮಿ, ಮರಳು ತೆಗೆದಷ್ಟೂ..."

"ಒಂದು ಮಳೆಗಾಲಕ್ಕೆ ಹೊಳೆ ಅದನ್ನು ಮತ್ತೆ ತುಂಬುತ್ತದೆ. ತಪ್ಪು!" ವ್ಯಾಪಾರಿಯನ್ನು ಎಳೆದೊಯ್ದರು.

ಆಮೇಲೆ ಬಂದ ಪಂಡಿತ ಜಾಣ. "ಕುಂಬಾರರು ಮಣ್ಣು ತೆಗೆಯುವ ಗುಂಡಿ" ಎಂದು ಮೊದಲನೆಯದನ್ನು ಗೆದ್ದ.

"ಬಿತ್ತದೆ ಬೆಳೆಯುವ, ಮಳೆ ಬಂದರೆ ಹಾಳಾಗುವ, ಬಿಸಿಲು ಕಾದರೆ ಫಸಲು ಕೊಡುವ ಹೊಲ ಯಾವುದು?"

ಪಂಡಿತ ಗಡ್ಡ ನೀವಿ ನೀವಿ, "ಇಟ್ಟಿಗೆ ಒಣಗಿಸುವ ಕಣ" ಎಂದ.

"ಇಟ್ಟಿಗೆ ತಾನಾಗಿ ಬೆಳೆಯುತ್ತದೆಯೇ ಪಂಡಿತರೇ?" ಅಲ್ಲಿಗೆ ಅವನ ಕತೆಯೂ ಮುಗಿಯಿತು.

ಸಂಕವ್ವ ಮುಂದೆ ಬಂದಾಗ ಮಂತ್ರಿ ಕಿಸಕ್ಕನೆ ನಕ್ಕ. ನಗಲಿ, ನಗಲಿ! ಮೊದಲನೆಯದಕ್ಕೆ ಕುಂಬಾರರ ಗುಂಡಿ ಎಂದಳು. ಎರಡನೆಯದಕ್ಕೆ, "ಉಪ್ಪಾರರ ಉಪ್ಪಿನ ಮಡಿ ಮಹಾಸ್ವಾಮಿ. ಉಪ್ಪುನೀರು ಕಟ್ಟಿದರೆ ಬಿಸಿಲೇ ಉಪ್ಪು ಬೆಳೆಯುತ್ತೆ, ಮಳೆ ಬಂದರೆ ಅಷ್ಟೂ ಕರಗುತ್ತೆ" ಎಂದಳು.

"ಭಲೇ! ಕೊನೆಯದು ಕೇಳು. ಈ ಊರಲ್ಲಿ ಒಬ್ಬರಿಗೂ ಒಂದು ತುತ್ತು ಕೊಡದ ನೆಲ ಯಾವುದು?"

ಮಂತ್ರಿಯೇ ಉತ್ತರ ಬರೆಸಿದ ಓಲೆ ಅವನ ಕೈಯಲ್ಲಿತ್ತು. ಅದರಲ್ಲಿ ಏನಿದೆ ಎಂದು ಸಂಕವ್ವನಿಗೆ ಗೊತ್ತಿಲ್ಲವೇ? ನೇಕಾರರ ಬಯಲು ಎಂದರೆ ತಲೆ ಉಳಿಯುತ್ತದೆ, ಮುದ್ರೆಯೂ ಸಿಗುತ್ತದೆ. ಆದರೆ ತನ್ನ ಬಾಯಿಂದಲೇ ಪಾಳು ಎಂದ ನೆಲವನ್ನು ಆಮೇಲೆ ಉಳಿಸುವುದು ಹೇಗೆ? ಅಪ್ಪ ಸುಳ್ಳುಗಾರನಾಗಿ ಸತ್ತಂತಾಗುವುದಿಲ್ಲವೇ?

"ಮಂತ್ರಿಗಳ ತೋಟ" ಎಂದಳು.

"ತಪ್ಪು! ಓಲೆಯಲ್ಲಿ ನೇಕಾರರ ಬಯಲು ಎಂದಿದೆ" ಎಂದು ಮಂತ್ರಿ ಚೀರಿದ.

"ಮಂತ್ರಿಗಳು ಕಣ್ಣಾರೆ ನೋಡಿ ಬರೆಸಿದ್ದಾರೋ?"

"ಮೂರು ದಿನ, ದಿನಕ್ಕೊಂದು ಸಲ ಪಲ್ಲಕ್ಕಿಯಲ್ಲಿ ಹೋಗಿ ನೋಡಿದ್ದೇನೆ! ಒಂದು ನರಪಿಳ್ಳೆ ಇರಲಿಲ್ಲ. ಅಲ್ಲಿ ಯಾರಾದರೂ ದುಡಿಯುವುದನ್ನು ತೋರಿಸಿದರೆ ನನ್ನ ತಲೆ ಇವಳಿಗೇ ಕೊಡಿ!"

ಸಂಕವ್ವ ಬಂದದ್ದೇ ಈ ಮಾತಿಗೆ. "ಕೇಳಿದಿರಲ್ಲ ಮಹಾಸ್ವಾಮಿ? ನಾಳೆ ಕೋಳಿ ಕೂಗೋ ಹೊತ್ತಿಗೆ ಬಯಲಿಗೆ ಪಾದ ಬೆಳೆಸಿ" ಎಂದಳು. ದೊರೆ ಒಪ್ಪಿದ.

ಮರುದಿನ ಬೆಳಕು ಹರಿಯುವಾಗ ಬಯಲಲ್ಲಿ ಕಾಲಿಡಲು ಜಾಗವಿಲ್ಲ! ಈ ತುದಿಯಿಂದ ಆ ತುದಿಯವರೆಗೆ ಮಗ್ಗಕ್ಕೆ ಏರಿಸುವ ಉದ್ದೆಳೆಗಳ ನೂಲಿನ ಹಾಸುಗಳನ್ನು ಎಳೆದು ಕಟ್ಟಿದ್ದರು. ಗಂಡಸರು ಹೆಂಗಸರು ಎರಡೂ ಕಡೆ ನಿಂತು ಕುಂಚದಿಂದ ಗಂಜಿ ಬಳಿಯುತ್ತಿದ್ದರು.

"ನೂಲಿಗೆ ಗಂಜಿ ಕುಡಿಸದೆ ಮಗ್ಗಕ್ಕೆ ಏರಿಸೋ ಹಾಗಿಲ್ಲ ಮಹಾಸ್ವಾಮಿ" ಎಂದಳು ಸಂಕವ್ವ. "ಬಿಸಿಲು ಏರಿದರೆ ನೂಲು ಸೆಟೆದು ಪಟಪಟ ಹರಿಯುತ್ತೆ. ಅದಕ್ಕೇ ಎಳೆಬಿಸಿಲಲ್ಲೇ ಮುಗಿಸಿ, ಸುತ್ತಿ ಒಯ್ದು, ಮನೆಯೊಳಗೆ ಮಗ್ಗಕ್ಕೆ ಕೂರ್ತೀವಿ. ಮಂತ್ರಿಗಳು ಉಂಡು ತೇಗಿ ಮಧ್ಯಾಹ್ನ ಬಂದರೆ ಯಾರು ಕಾಣ್ತಾರೆ? ಈ ಬಯಲು ಇನ್ನೂರು ಮಗ್ಗ ನಡೆಸುತ್ತೆ."

ಅಲ್ಲಿಂದ ಮಂತ್ರಿಯ ತೋಟಕ್ಕೆ ಹೋದರು. ಬೀಗ ಒಡೆಸಿ ನೋಡಿದರೆ ಎದೆಯುದ್ದ ಕಳೆ! ಮೂರು ವರ್ಷದ ಹಿಂದೆ ಅದು ಗಾಣಿಗರ ನೆಲ. ಮಂತ್ರಿ ಅದನ್ನು ಪಾಳು ಎಂದು ಕಿತ್ತುಕೊಂಡು ಗೋಡೆ ಕಟ್ಟಿದ ಮೇಲೆ ಒಬ್ಬ ಕೂಲಿಯವನೂ ಒಳಗೆ ಕಾಲಿಟ್ಟಿರಲಿಲ್ಲ. ದೊರೆಯ ಮುಖ ಕೆಂಪೇರಿತು.

"ಮೂರೂ ಸರಿ. ಮುದ್ರೆ ನಿನ್ನದು ಮಗಳೇ, ಇವನ ತಲೆಯೂ ನಿನ್ನದು. ಏನು ಮಾಡಿಸಲಿ?"

ಮಂತ್ರಿ ದೊಪ್ಪನೆ ಅವಳ ಕಾಲಿಗೆ ಬಿದ್ದ. ಕರಿಬಸಪ್ಪ ಕಿವಿಯಲ್ಲಿ ಪಿಸುಗುಟ್ಟಿದ: "ಹೋಗ್ಲಿ ಬಿಡವ್ವಾ, ಕ್ಷಮಿಸಿಬಿಡು. ದೊಡ್ಡವಳು ಅನ್ನಿಸಿಕೊಳ್ತೀ."

"ಅಪ್ಪ ಕೈಮುಗಿದಾಗ ಇವನು ಬಿಟ್ಟನೇ ಕಾಕಾ? ನನಗೆ ದೊಡ್ಡವಳು ಅನ್ನಿಸಿಕೊಳ್ಳೋದು ಬೇಡ." ದೊರೆಯ ಕಡೆ ತಿರುಗಿದಳು. "ತಲೆ ಬೇಡ ಮಹಾಸ್ವಾಮಿ. ನಮ್ಮಪ್ಪನಿಗೆ ಬಿದ್ದ ಜಾಗದಲ್ಲೇ, ಅದೇ ನಲವತ್ತು. ಒಂದು ಹೆಚ್ಚು ಬೇಡ, ಒಂದು ಕಡಿಮೆ ಬೇಡ. ಬದುಕಿದರೆ ಅವನ ಹಣೆಬರಹ."

ಏಟು ಬೀಳುವಾಗ ಊರೆಲ್ಲ ಮುಖ ತಿರುಗಿಸಿತು, ಅವಳು ತಿರುಗಿಸಲಿಲ್ಲ. ಒಂದೊಂದನ್ನೂ ಬಾಯಿಬಿಟ್ಟು ಎಣಿಸಿದಳು. ಮಲ್ಲರಸ ನಾಲ್ಕು ದಿನ ಬದುಕಿದ. ಅಪ್ಪನಿಗಿಂತ ಒಂದು ದಿನ ಹೆಚ್ಚು.

ಸಂಕವ್ವ ಮುದ್ರೆ ಹಿಡಿದು ಗಾಣಿಗರ ನೆಲ ಗಾಣಿಗರಿಗೆ ಕೊಟ್ಟಳು, ನೇಕಾರರ ಬಯಲಿಗೆ ಗಡಿಕಲ್ಲು ನೆಡಿಸಿದಳು. ಮುದುಕಿಯಾದ ಮೇಲೆ ಯಾರೋ, "ಅಜ್ಜೀ, ಆ ಮಂತ್ರಿಯನ್ನು ನೆನೆದರೆ ಪಾಪ ಅನ್ನಿಸೋದಿಲ್ವಾ?" ಎಂದು ಕೇಳಿದರಂತೆ.

"ಅನ್ನಿಸುತ್ತೆ" ಎಂದಳಂತೆ ಸಂಕವ್ವ. "ಆ ಒಂದು ದಿನ ಯಾಕೆ ಹೆಚ್ಚಿಗೆ ಬದುಕಿದ ಅನ್ನಿಸುತ್ತೆ."