ವೈರು ಪಿಳ್ಳಕ್ಕನೂ ಹುಳದ ಮನೆ ಮಳೆಯೂ

ಬಲು ಹಿಂದೆ, ಒಂದೂರಲ್ಲಿ, ವೈರು ಪಿಳ್ಳಕ್ಕ ಅಂತ ಕರೆಂಟು ಕೆಲಸದೋಳು ಒಬ್ಬಳಿದ್ಳು. ಎಷ್ಟು ಹಿಂದೆ ಅಂತ ಕೇಳ್ಬೇಡಿ. ಫೋನಿಗೆ ಇನ್ನೂ ಬಾಲ ಇದ್ದ ಕಾಲ ಅಂತಾರೆ, ನಂಗೂ ಅಷ್ಟೇ ಗೊತ್ತಿರೋದು. ಸುಟ್ಟ ಮೋಟಾರು ಮೂಸಿ ನೋಡಿ ಯಾವ ಸುತ್ತು ಸುಟ್ಟೈತೆ ಅಂತ ಹೇಳ್ತಿದ್ಳಂತೆ. ಕರೆಂಟು ಹೊಡೆದ್ರೆ ಕರೆಂಟಿಗೇ ಬೈತಿದ್ಳಂತೆ, ಅದು ನಾಚ್ಕೊಂಡು ವಾಪಸ್ ಹೋಗ್ತಿತ್ತಂತೆ. ನಾನು ನೋಡಿಲ್ಲಪ್ಪ. ನೋಡಿದೀನಿ ಅನ್ನೋರೂ ನೋಡಿಲ್ಲ.

ಆ ಊರು ರೇಷ್ಮೆ ಊರು. ಮನೆಗೊಂದು ಹುಳದ ಮನೆ. ಮನುಷ್ಯರ ಸೂರು ಸೋರಿದ್ರೂ ನಡೀತಿತ್ತು, ಹುಳಕ್ಕೆ ಮಾತ್ರ ಕಾವು ಒಂಚೂರು ಹೆಚ್ಚಾಗಂಗಿಲ್ಲ, ತೇವ ಒಂಚೂರು ಕಮ್ಮಿಯಾಗಂಗಿಲ್ಲ. ಬೀಗರಿಗಿಂತ ನಾಜೂಕು.

ಆ ಕಾವು ತೇವ ಅಳೆಯೋಕೆ ಊರಿಗೆಲ್ಲ ಇದ್ದೋಳು ಅಕ್ಕಾಯಮ್ಮ. ಹುಳದ ಮನೆಗೆ ಹೋಗಿ, ಎರಡೂ ತೋಳು ಚಾಚಿ, ಕಣ್ಣು ಮುಚ್ಕೊಂಡು ನಿಲ್ತಿದ್ಳು. ಕೆಂಡ ಇಡು ಅಂದ್ರೆ ಇಡೋರು, ನೀರು ಚಿಮುಕಿಸು ಅಂದ್ರೆ ಚಿಮುಕಿಸೋರು. ಆದ್ರೆ ವಯಸ್ಸಾಯ್ತು. ಮೈಗೆ ಸದಾ ಚಳಿ, ಬೇಸಿಗೇಲೂ ಶಾಲು. ತನಗೆ ಚಳಿಯಾದ್ರೆ ಹುಳಕ್ಕೂ ಚಳಿ ಅನ್ಕೊಂಡು ಮಗ ದ್ಯಾವಪ್ಪನ ಹುಳದ ಮನೇಲಿ ಕೆಂಡ ಇಡಿಸಿದ್ಳು. ಹುಳ ಸತ್ತು ಒಂದು ಬೆಳೆ ಹೋಯ್ತು. ಇನ್ನೊಂದೂ ಹೋಯ್ತು. ಆಮೇಲೆ ಅವಳನ್ನ ಯಾರೂ ಕೇಳೋದೇ ಬಿಟ್ರು. ಇದೊಂದು ಸಲ ನೋಡ್ತೀನಿ, ಇದೂ ಹೋದ್ರೆ ಹಿಪ್ಪುನೇರಳೆ ತೋಟ ಬುಡಸಮೇತ ಕೀಳಿಸ್ತೀನಿ ಅಂತ ದ್ಯಾವಪ್ಪ ಊರ ಮುಂದೆ ಅಂದನಂತೆ. ಅದು ಅಕ್ಕಾಯಮ್ಮ ಮದುವೆಯಾಗಿ ಬಂದ ವರ್ಷ ತನ್ನ ಕೈಯಾರೆ ನೆಟ್ಟ ತೋಟ.

ಹಂಗಾಗಿ ದ್ಯಾವಪ್ಪ ಕರೆಸಿದ್ದಕ್ಕೆ ಪಿಳ್ಳಕ್ಕ ಬಂದ್ಳು. ಬೆಂಕಿಪೊಟ್ಟಣದಷ್ಟು ಮೂರು ಡಬ್ಬಿ ತಂದ್ಳು, ಕಾವು ತೇವ ಅಳೆಯೋ ಸೆನ್ಸರ್ ಅವು. ಮರಿ ಹುಳದ ಕೋಣೆಗೊಂದು, ಸೊಪ್ಪಿನ ಕೋಣೆಗೊಂದು, ದೊಡ್ಡ ಹುಳದ ಮನೆಗೊಂದು. ಮೂರರ ವೈರೂ ಅಡುಗೆಮನೇಲಿ ಅಂಕಿ ತೋರಿಸೋ ಒಂದು ಪುಟ್ಟ ಪರದೆಗೆ ಸೇರ್ತಿತ್ತು, ಯಾಕಂದ್ರೆ ದ್ಯಾವಪ್ಪ ದಿನಕ್ಕೆ ಜಾಸ್ತಿ ಸಲ ಹೋಗ್ತಿದ್ದ ಜಾಗ ಅದೇ. ಅವಳು ಎಳೆದ ವೈರು ತಾಲ್ಲೂಕು ಕಚೇರಿ ಮುಟ್ಟಿ ವಾಪಸ್ ಬರೋಷ್ಟಿತ್ತು ಅಂತಾರೆ. ನಲವತ್ತು ಮಾರು ಇತ್ತು.

"ಏನಮ್ಮಿ, ನನ್ನ ತೋಳು ಮಾಡ್ತಿದ್ದ ಕೆಲಸ ಈ ಕಡ್ಡಿಪೆಟ್ಟಿಗೆ ಮಾಡ್ತದಾ?" ಅಂದ್ಳಂತೆ ಅಕ್ಕಾಯಮ್ಮ.

"ಮಾಡ್ತದಜ್ಜಿ. ಶಾಲೂ ಕೇಳಲ್ಲ."

ಅಕ್ಕಾಯಮ್ಮ ಅವಳಿಗೆ ಕಾಫಿ ಕೊಡ್ಲಿಲ್ವಂತೆ.

ಹುಳ ನಾಲ್ಕನೇ ಜ್ವರದಿಂದ ಎದ್ವು. ಜ್ವರ ಅಂದ್ರೆ ಕಾಯಿಲೆ ಅಲ್ಲ, ಪೊರೆ ಬಿಡೋದು. ಎದ್ದ ಮೇಲೆ ತಿಂತಾವೆ ನೋಡಿ, ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಕಡಿಯೋ ಸದ್ದು, ಥೇಟ್ ಹೆಂಚಿನ ಮೇಲೆ ಮಳೆ. ಬೇರೆ ಕೆಲಸ ಇಲ್ದೆ ಅಕ್ಕಾಯಮ್ಮ ದೊಡ್ಡ ಹುಳದ ಮನೇಲಿ ಹುಳ ಸಾಕೋ ತಟ್ಟೆಗಳ ಪಕ್ಕ ಚಾಪೆ ಹಾಕ್ಕೊಂಡು ಅದನ್ನೇ ಕೇಳ್ತಾ ಕೂತಳು.

ಮೂರನೇ ದಿನ ಮಗನ್ನ ಕರೆದ್ಳು. "ಲೇ ದ್ಯಾವ, ಮಳೆ ಸಣ್ಣಗಾಗ್ತಾ ಐತೆ ಕಣೋ."

"ಕಾವು ಇಪ್ಪತ್ತೈದು, ತೇವ ಎಪ್ಪತ್ತು. ಡಬ್ಬಿ ಹೇಳ್ತೈತೆ. ನೀನು ಶಾಲು ಹೊದ್ಕೊಂಡು ಸುಮ್ನೆ ಕೂತ್ಕೊಳಮ್ಮ."

ಅವಳು ಸುಮ್ನೆ ಕೂರ್ಲಿಲ್ಲ. ಆ ಸುಡುಬಿಸಿಲಲ್ಲಿ ಶಾಲು ಹೊದ್ಕೊಂಡೇ ಕೋಲೂರ್ಕೊಂಡು ಪಿಳ್ಳಕ್ಕನ ಅಂಗಡಿಗೆ ನಡೆದ್ಳು. ನಿನ್ನ ಡಬ್ಬಿಗೆ ಕಿವುಡು, ಬಾ ಅಂದ್ಳು.

ಪಿಳ್ಳಕ್ಕ ಬಂದೋಳು ಪರದೆ ಕಡೆ ತಿರುಗೂ ನೋಡ್ಲಿಲ್ವಂತೆ. ತಟ್ಟೆ ಪಕ್ಕ ಮಂಡಿಯೂರಿ ಕಿವಿ ಇಟ್ಳು. ಅರ್ಧ ಗಂಟೆ ಅಂತಾರೆ, ಮೂರು ದಿನ ಅನ್ನೋರೂ ಅವ್ರೆ. ಎದ್ದು ಗೋಡೆ ನೋಡಿದ್ಳು. ಡಬ್ಬಿ ಕಿಟಕಿ ಪಕ್ಕ ಇತ್ತು. ಬೇಸಿಗೇಲಿ ಹುಳದ ಮನೆ ಕಿಟಕಿಗೆ ಗೋಣಿತಾಟು ಕಟ್ಟಿ ಹೊತ್ತೊತ್ತಿಗೂ ನೆನೆಸೋದು ಆ ಊರ ವಾಡಿಕೆ, ಹಂಗೆ ನೆನೆಸೋಕೆ ಯಾರೂ ಡಬ್ಬೀನ ಕೇಳಲ್ಲ. ಡಬ್ಬಿ ಹೇಳಿದಂಗೆ ಮಾಡ್ತಿದ್ದಿದ್ದು ನೆಲಕ್ಕೆ ನೀರು ಚಿಮುಕಿಸೋದು ಮಾತ್ರ. ತೇವ ಸಾಕು ಅಂತ ಅದು ಹೇಳ್ತಾನೇ ಇತ್ತು, ಅದನ್ನ ನಂಬಿ ದ್ಯಾವಪ್ಪನ ಮನೆಯೋರು ಚಿಮುಕಿಸೋದು ನಿಲ್ಸಿದ್ರು. ಡಬ್ಬಿ ಸುಳ್ಳು ಹೇಳಿರ್ಲಿಲ್ಲ. ಪಕ್ಕದ ಗೋಣಿತಾಟಿನ ಕ್ಷೇಮಸಮಾಚಾರ ಹೇಳ್ತಿತ್ತು, ಅಷ್ಟೇ.

"ಕಿಟಕಿ ಪಕ್ಕ ಮೊಳೆ ಹೊಡೆದೋಳು ನಾನೇ ಅಜ್ಜಿ. ಎರಡು ಮಾರು ವೈರು ಉಳೀತದೆ ಅಂತ."

ವೈರಿನ ಕೆಲಸದೋರು ತಪ್ಪು ಒಪ್ಕೊಂಡಿದ್ದು ಅದೇ ಮೊದಲು, ಅದೇ ಕೊನೆ ಅಂತಾರೆ. ಹಿಪ್ಪುನೇರಳೆ ಕಡ್ಡಿಯಿಂದ ನಾರು ಸುಲಿದು, ಡಬ್ಬೀನ ತಟ್ಟೆಗಳ ನಡುವೆ, ಹುಳದ ಮಟ್ಟಕ್ಕೆ ನೇತು ಹಾಕಿದ್ಳು. ಅಡುಗೆಮನೆಯಿಂದ ದ್ಯಾವಪ್ಪ ಕೂಗಿದ: ಕಾವು ಮೂವತ್ಮೂರು! ತೇವ ನಲವತ್ತು! ಕೂಗ್ತಾನೇ ಹುಳದ ಮನೆಗೆ ಓಡಿ ಬಂದ.

ಅಕ್ಕಾಯಮ್ಮ ಹೇಳ್ತಾ ಹೋದ್ಳು, ಮಗ ಮಾಡ್ತಾ ಹೋದ. ನೆಲಕ್ಕೆ ನೀರು, ಮೂಲೆಗೆ ಹಸಿ ಮರಳು, ತಟ್ಟೆಗೆ ಹೊಸ ಸೊಪ್ಪು. ಹೊತ್ತು ಇಳಿಯೋದ್ರೊಳಗೆ ಒಂದು ತಟ್ಟೇಲಿ ತುಂತುರು, ಪಕ್ಕದ್ರಲ್ಲೂ ತುಂತುರು, ಆಮೇಲೆ ಮನೆ ತುಂಬ ಜೋರು ಮಳೆ. ಪಿಳ್ಳಕ್ಕನಿಗೆ ಅವತ್ತು ಕಾಫಿ ಸಿಕ್ತು. ಗೂಡು ಒಂದೊಂದೂ ಕೋಳಿಮೊಟ್ಟೆ ಗಾತ್ರ ಬಂತಂತೆ. ಅದು ಬಿಡಿ. ತೋಟ ಉಳೀತು, ಅದು ನಿಜ.

ಈಗಲೂ ಆ ಊರಲ್ಲಿ ಹುಳದ ಮನೆಗೆ ಡಬ್ಬಿ ಹಾಕೋರು ಮೊಳೆ ಹೊಡೆಯಲ್ಲ, ಹಿಪ್ಪುನೇರಳೆ ನಾರಲ್ಲೇ ಕಟ್ತಾರೆ. ಕಟ್ಟಿದ ಮೇಲೆ ಮನೆಯ ಮುದುಕಿ ಒಬ್ಬಳನ್ನ ತಟ್ಟೆ ಪಕ್ಕ ಕೂರಿಸಿ, ಅಜ್ಜಿ, ಮಳೆ ಬರ್ತಾ ಐತಾ ಅಂತ ಕೇಳ್ತಾರೆ. ಐತೆ ಅಂತ ಅವಳು ಅಂದ್ರೇನೇ ಸ್ವಿಚ್ ಹಾಕೋದು. ಬಿರುಬಿಸಿಲಲ್ಲಿ ಆ ಬೀದೀಲಿ ಹೋಗೋ ಬೇರೆ ಊರೋರು ಅದನ್ನ ಕೇಳಿಸ್ಕೊಂಡು, ಒಂದ್ಸಲ ಆಕಾಶ ನೋಡಿ, ಹೆಜ್ಜೆ ಜೋರು ಮಾಡ್ತಾರೆ.